ಹಾರ್ಡ್‌ವೇರ್ ವಾಲೆಟ್‌ನ ಪಿನ್ ಮರೆತಿದೆ, ಇನ್ನೊಂದೇ ಅವಕಾಶ ಉಳಿದಿದೆ

ಮುಧೋಳ ಮಾಸ್ತರ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಅಕ್ಕನ ಮಗ, ಎಕ್ಸ್‌ಚೇಂಜ್‌ನಲ್ಲಿದ್ದ (ಅಂದರೆ ಬಿಟ್‌ಕಾಯಿನ್ ಕೊಳ್ಳುವ, ಮಾರುವ ಜಾಲತಾಣದಲ್ಲಿದ್ದ) ನನ್ನ ಅಲ್ಪಸ್ವಲ್ಪ ಬಿಟ್‌ಕಾಯಿನ್ ಅನ್ನು ಲೆಡ್ಜರ್ ನ್ಯಾನೊ ಎಂಬ ಹಾರ್ಡ್‌ವೇರ್ ವಾಲೆಟ್‌ಗೆ, ಅಂದರೆ ಅದರ ಕೀಲಿಯನ್ನು ಕಾಪಾಡುವ ಪುಟ್ಟ ಉಪಕರಣಕ್ಕೆ, ಸಾಗಿಸಿಕೊಟ್ಟ. ಪಿನ್ ಹಾಕಿದವನು ನಾನೇ. ಆಮೇಲೆ ಅದನ್ನು ತೆರೆಯುವ ಪ್ರಸಂಗವೇ ಬರಲಿಲ್ಲ. ನಿನ್ನೆ ಮಗಳ ಕಾಲೇಜು ಫೀ ಕಟ್ಟಲೆಂದು ತೆರೆಯಹೋಗಿ ಎರಡು ಸಲ ತಪ್ಪು ಪಿನ್ ಒತ್ತಿದ್ದೇನೆ. ಮೂರನೆಯ ಸಲವೂ ತಪ್ಪಿದರೆ ಅದರೊಳಗಿನದೆಲ್ಲ ಅಳಿಸಿಹೋಗುತ್ತದೆ ಎಂದು ಓದಿದ ಮೇಲೆ ಮುಟ್ಟಲು ಧೈರ್ಯವಾಗದೆ ತಿಜೋರಿಯಲ್ಲಿಟ್ಟಿದ್ದೇನೆ.

ಮೊದಲ ಸಲ ಸಿದ್ಧಪಡಿಸುವಾಗ ಉಪಕರಣ ತೋರಿಸಿದ 24 ಪದಗಳನ್ನು ಬರೆದುಕೊಂಡ ಚೀಟಿ ಇದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ನೀರು ಮನೆಗೆ ನುಗ್ಗಿ ಹೊಲದ ಕಾಗದಪತ್ರಗಳೆಲ್ಲ ಹಾಳಾದ ಅನುಭವದಿಂದ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಟ್ಟದ ಮೇಲಿಟ್ಟಿದ್ದೆ. ಆದರೂ ಎರಡು ಪದಗಳು ಮಸುಕಾಗಿವೆ. ಪುಣ್ಯಕ್ಕೆ ಅಳಿಯ ಅಂದೇ ಚೀಟಿಯ ಫೋಟೊ ತೆಗೆದು ತನ್ನ ಮೊಬೈಲ್‌ನಲ್ಲಿ ಇಟ್ಟುಕೊಂಡಿದ್ದಾನೆ. ಪಿನ್ ಮರಳಿ ಪಡೆಯುವ ದಾರಿ ಯಾವುದಾದರೂ ಇದೆಯೇ?

ಟಿಳಕವಾಡಿ ವಾಸಿ:
ಮಾಸ್ತರರೆ, ಪಿನ್ ಮರಳಿ ಪಡೆಯುವ ದಾರಿ ಇಲ್ಲ. ಅದು ಕಂಪನಿಯವರ ಬಳಿಯೂ ಇರುವುದಿಲ್ಲ. ಆದರೆ ಅದರ ಅಗತ್ಯವೂ ನಿಮಗಿಲ್ಲ. ನಿಮ್ಮ ಬಿಟ್‌ಕಾಯಿನ್ ಆ ಉಪಕರಣದೊಳಗೆ ಇಲ್ಲ, ಬ್ಲಾಕ್‌ಚೈನ್ ಎಂಬ, ಅನೇಕ ಕಂಪ್ಯೂಟರುಗಳಲ್ಲಿರುವ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿದೆ. ಅದನ್ನು ಖರ್ಚು ಮಾಡುವ ಕೀಲಿ ಆ 24 ಪದಗಳಿಂದ ಹುಟ್ಟುತ್ತದೆ. ಮೂರನೆಯ ತಪ್ಪಿಗೆ ಉಪಕರಣ ಖಾಲಿಯಾದರೆ, ಅದೇ ಪದಗಳನ್ನು ಅದರ ಗುಂಡಿಗಳಿಂದಲೇ ಮತ್ತೆ ತುಂಬಿ ಹೊಸ ಪಿನ್ ಇಟ್ಟುಕೊಳ್ಳಬಹುದು. ಕಂಪ್ಯೂಟರಿನಲ್ಲಾಗಲಿ ಮೊಬೈಲ್‌ನಲ್ಲಾಗಲಿ ಆ ಪದಗಳನ್ನು ಎಂದಿಗೂ ಟೈಪ್ ಮಾಡಬೇಡಿ.

ಆದರೆ ಚೀಟಿ ಸರಿಯಿದೆ ಎಂಬುದು ಖಾತ್ರಿಯಾಗುವವರೆಗೆ ಮೂರನೆಯ ಸಲ ಒತ್ತಬೇಡಿ. ಈ ಪದಗಳೆಲ್ಲ 2048 ಇಂಗ್ಲಿಷ್ ಪದಗಳ ಒಂದು ನಿಶ್ಚಿತ ಪಟ್ಟಿಯಿಂದ ಬಂದವು, ಮತ್ತು ಆ ಪಟ್ಟಿಯಲ್ಲಿ ಯಾವ ಎರಡು ಪದಗಳ ಮೊದಲ ನಾಲ್ಕು ಅಕ್ಷರಗಳೂ ಒಂದೇ ಆಗಿರುವುದಿಲ್ಲ. ಹಾಗಾಗಿ ಮಸುಕಾಗಿರುವುದು ಪದದ ಬಾಲವಾದರೆ ಚಿಂತೆಯೇ ಇಲ್ಲ. ಪಟ್ಟಿಯನ್ನು ಪೂರ್ತಿಯಾಗಿ ಇಳಿಸಿಕೊಂಡು ಕಣ್ಣಿನಿಂದ ಹುಡುಕಿ. ಕೊನೆಯ ಪದದಲ್ಲಿ ತಾಳೆ ನೋಡುವ ಅಂಶವೊಂದು ಸೇರಿರುವುದರಿಂದ, ಒಂದು ಪದ ತಪ್ಪಾದರೂ ಉಪಕರಣ ಸಾಮಾನ್ಯವಾಗಿ ಒಪ್ಪುವುದಿಲ್ಲ. ತಪ್ಪು ನುಸುಳುವ ಸಾಧ್ಯತೆ 256ರಲ್ಲಿ ಒಂದು. ಅಷ್ಟಾಗಿಯೂ ತಿಳಿಯದಿದ್ದರೆ ಅಳಿಯನ ಫೋಟೊದೊಂದಿಗೆ ಹೋಲಿಸಿ, ಆದರೆ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಬೇಡಿ.

ಇನ್ನು ನೀವು ಕೇಳದೆ ಇರುವ ಮಾತು. ನೀವು ಪುಣ್ಯವೆಂದ ಆ ಫೋಟೊ, ನನ್ನ ದೃಷ್ಟಿಯಲ್ಲಿ ಮರೆತ ಪಿನ್‌ಗಿಂತ ದೊಡ್ಡ ಅಪಾಯ. ಮೊಬೈಲ್‌ನ ಚಿತ್ರಗಳು ಎಷ್ಟೋ ಸಲ ತಾವಾಗಿಯೇ ಕ್ಲೌಡ್‌ಗೆ ಹೋಗಿರುತ್ತವೆ. 2025ರ ಫೆಬ್ರುವರಿಯಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ಸಂಶೋಧಕರು ಬಯಲಿಗೆಳೆದ ಸ್ಪಾರ್ಕ್‌ಕ್ಯಾಟ್ ಎಂಬ ಕಳ್ಳ ತಂತ್ರಾಂಶ ಮಾಡುತ್ತಿದ್ದುದೇ ಇದನ್ನು: ಗ್ಯಾಲರಿಯ ಚಿತ್ರಗಳೊಳಗಿನ ಬರಹವನ್ನು ಓದಿ ಇಂಥ ಪದಗಳನ್ನು ಹೆಕ್ಕುವುದು. ಅದು ಗೂಗಲ್ ಮತ್ತು ಆಪಲ್‌ನ ಅಧಿಕೃತ ಆ್ಯಪ್ ಅಂಗಡಿಗಳಲ್ಲೇ ನುಸುಳಿತ್ತು. ಈಗ ಫೋಟೊ ಅಳಿಸಿದರೂ, ಪಿನ್ ಬದಲಿಸಿದರೂ, ಹೊಸ ಉಪಕರಣ ತಂದು ಅದೇ ಪದಗಳನ್ನು ತುಂಬಿದರೂ ಪ್ರಯೋಜನವಿಲ್ಲ. ಹೊಸ 24 ಪದಗಳನ್ನು ಹುಟ್ಟಿಸಿ, ನಾಣ್ಯವನ್ನು ಅಲ್ಲಿಗೆ ಸಾಗಿಸಲೇಬೇಕು.

ಒಂದೇ ಉಪಕರಣದಲ್ಲಿ ಮಾಡುವುದಾದರೆ ಹೀಗೆ. ಮೊದಲು ಹಳೆಯ ಪದಗಳನ್ನು ತುಂಬಿ, ಮೊತ್ತ ಕಾಣುತ್ತದೆಯೇ ನೋಡಿ. ಕಂಡ ಮೇಲೆ ಉಪಕರಣವನ್ನು ಖಾಲಿ ಮಾಡಿ ಹೊಸ ಪದಗಳನ್ನು ಹುಟ್ಟಿಸಿ, ಬರೆದುಕೊಂಡು, ಹಣ ಪಡೆಯುವ ಹೊಸ ವಿಳಾಸವನ್ನು ಉಪಕರಣದ ಪರದೆಯಲ್ಲೇ ನೋಡಿ ಗುರುತು ಹಾಕಿಕೊಳ್ಳಿ. ಮತ್ತೆ ಖಾಲಿ ಮಾಡಿ ಹೊಸ ಪದಗಳನ್ನೇ ಚೀಟಿ ನೋಡಿ ತುಂಬಿ. ಅದೇ ವಿಳಾಸ ಬಂದರೆ ನೀವು ಬರೆದುಕೊಂಡಿದ್ದು ಸರಿಯಿದೆ ಎಂದರ್ಥ. ಆಮೇಲೆ ಹಳೆಯದಕ್ಕೆ ಮರಳಿ, ಮೊದಲು ಚಿಕ್ಕ ಮೊತ್ತ, ಅದು ತಲುಪಿದ ಮೇಲೆ ಉಳಿದದ್ದನ್ನು ಕಳಿಸಿ. ಪ್ರತಿ ಸಲವೂ ಕಂಪ್ಯೂಟರಿನ ಪರದೆಯನ್ನಲ್ಲ, ಉಪಕರಣದ ಪರದೆಯ ವಿಳಾಸವನ್ನೇ ಅಕ್ಷರಶಃ ತಾಳೆ ನೋಡಿ. ನಕಲು ಮಾಡಿದ ವಿಳಾಸವನ್ನು ನಡುವೆಯೇ ಬದಲಿಸುವ ವೈರಸ್‌ಗಳಿವೆ. ಬೇಸರದ ಕೆಲಸ, ಒಂದು ಭಾನುವಾರ ಪೂರ್ತಿ ಬೇಕು. ಎರಡನೆಯ ಉಪಕರಣ ಕೊಳ್ಳುವ ಶಕ್ತಿಯಿದ್ದರೆ ಈ ತಿರುಗಾಟವೆಲ್ಲ ತಪ್ಪುತ್ತದೆ.

ಉದ್ಯಮಬಾಗ ಲೇಥ್:
ಹೊಸ ಪದಗಳನ್ನು ಮತ್ತೆ ಕಾಗದದ ಮೇಲೆ ಬರೆದು ಅಟ್ಟಕ್ಕೇರಿಸಬೇಡಿ ಸರ್. ಎರಡು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತುಂಡು ಮತ್ತು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಕ್ಷರ ಪಂಚ್ ಸೆಟ್ ಸಾಕು. ಮೇಲಿನವರು ಹೇಳಿದಂತೆ ನಾಲ್ಕೇ ಅಕ್ಷರ ಸಾಕಾಗುವುದರಿಂದ ಒಟ್ಟು ಹೆಚ್ಚೆಂದರೆ 96 ಪೆಟ್ಟು; ಜೊತೆಗೆ ಪದಗಳ ಕ್ರಮಸಂಖ್ಯೆ. ಸ್ಟೀಲ್ ಕರಗಲು ಸುಮಾರು 1400 ಡಿಗ್ರಿ ಸೆಲ್ಸಿಯಸ್ ಬೇಕು, ಹೊಳೆಯ ನೀರಂತೂ ಅದಕ್ಕೆ ಲೆಕ್ಕಕ್ಕಿಲ್ಲ. ಮದುವೆಗೆ ಕೊಡುವ ಪಾತ್ರೆಯ ಮೇಲೆ ಹೆಸರು ಕೊರೆಯುವ ಅಂಗಡಿಗೆ ಒಯ್ದರೆ ಐದು ನಿಮಿಷದಲ್ಲಿ ಚೆಂದಾಗಿ ಕೊರೆದುಕೊಟ್ಟಾರು, ಆದರೆ ಕೊರೆದವರಿಗೂ ಪದಗಳು ಗೊತ್ತಾದಂತಾಯಿತು. ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ, ಬಾಗಿಲು ಹಾಕಿಕೊಂಡು ನೀವೇ ಬಡಿಯಿರಿ.

ವಿಜಯಪುರ ಲೆಕ್ಕಿಗ:
ನಿಮ್ಮದೇ ಒಂದು ವಾಲೆಟ್‌ನಿಂದ ಇನ್ನೊಂದಕ್ಕೆ ಸಾಗಿಸಿದರೆ ಒಡೆತನ ಬದಲಾಗದ ಕಾರಣ ಅದು ಮಾರಾಟವಲ್ಲ. ಆದರೂ ದಿನಾಂಕ ಮತ್ತು ವಹಿವಾಟಿನ ಐಡಿ ಬರೆದಿಟ್ಟುಕೊಳ್ಳಿ. ಫೀಗಾಗಿ ಮಾರುವಾಗ ಮಾತ್ರ ಲಾಭದ ಮೇಲೆ ಶೇ 30 ತೆರಿಗೆ, ಅದರ ಮೇಲೆ ಸೆಸ್ ಬೀಳುತ್ತದೆ. ಇದು 2022ರ ಏಪ್ರಿಲ್ 1ರಿಂದ ಬಂದ ನಿಯಮ. ಕೊಂಡ ಬೆಲೆಯ ದಾಖಲೆಯನ್ನು ಹಳೆಯ ಎಕ್ಸ್‌ಚೇಂಜ್‌ನಿಂದ ಈಗಲೇ ಇಳಿಸಿಕೊಳ್ಳಿ.

ಇನ್ನೊಂದು ಮಾತು: ಈ ಪ್ರಶ್ನೆಯನ್ನು ನೋಡಿ "ಪಿನ್ ತೆಗೆದುಕೊಡುತ್ತೇವೆ" ಎಂದು ಖಾಸಗಿಯಾಗಿ ಸಂದೇಶ ಕಳಿಸುವವರನ್ನು ಕಳ್ಳರೆಂದೇ ತಿಳಿಯಿರಿ. 2020ರಲ್ಲಿ ಲೆಡ್ಜರ್ ಗ್ರಾಹಕರ ಹೆಸರು, ಮನೆ ವಿಳಾಸ ಮತ್ತು ಫೋನ್ ನಂಬರುಗಳು ಸೋರಿಕೆಯಾದ ಮೇಲೆ, ಕಂಪನಿಯ ಹೆಸರಿನಲ್ಲಿ ಅಂಚೆಯ ಮೂಲಕವೇ ಕಾಗದ ಬರೆದು 24 ಪದಗಳನ್ನು ಕೇಳಿದವರಿದ್ದಾರೆ.

ಮುಧೋಳ ಮಾಸ್ತರ:
ಎಲ್ಲರಿಗೂ ಧನ್ಯವಾದ. ಪಟ್ಟಿಯೊಂದಿಗೆ ಹೋಲಿಸಿದೆ, ಮಸುಕಾದ ಎರಡೂ ಪದಗಳ ಮೊದಲ ನಾಲ್ಕು ಅಕ್ಷರಗಳು ಓದಲು ಸಿಗುತ್ತಿವೆ. ಆದರೆ ಅಳಿಯನಿಗೆ ಹೇಗೆ ಹೇಳಲಿ? ಮಾಮಾ ನನ್ನನ್ನೇ ನಂಬಲಿಲ್ಲ ಎಂದು ಅವನು ನೊಂದುಕೊಂಡಾನು, ಅಕ್ಕನ ಕಿವಿಗೆ ಬಿದ್ದರೆ ಅದು ಬೇರೆಯೇ ಕಥೆ.

ಟಿಳಕವಾಡಿ ವಾಸಿ:
ನಂಬಿಕೆಯ ಮಾತನ್ನೇ ಎತ್ತಬೇಡಿ. ನಾಳೆ ಎಲ್ಲಿಂದಲೋ ಸೋರಿ ಹಣ ಹೋದರೆ, ಫೋಟೊ ಇದ್ದದ್ದು ಅವನ ಮೊಬೈಲ್‌ನಲ್ಲಿ ಮಾತ್ರವಾದ್ದರಿಂದ ಎಲ್ಲರ ಕಣ್ಣು ಮೊದಲು ಅವನ ಮೇಲೆಯೇ ಬೀಳುತ್ತದೆ; ಆ ಹೊರೆ ಅವನಿಗೆ ಬೇಡವೆಂದು ಬದಲಿಸುತ್ತಿದ್ದೇನೆ ಎನ್ನಿ. ಹೇಳುವುದನ್ನು ಮಾತ್ರ ನಾಣ್ಯ ಹೊಸ ವಿಳಾಸಕ್ಕೆ ಸೇರಿದ ಮೇಲೆ ಹೇಳಿ. ಹಳೆಯ ಚೀಟಿಯನ್ನೂ ಸುಡದೆ ಕೆಲವು ತಿಂಗಳು ಇಟ್ಟುಕೊಳ್ಳಿ, ತಿಳಿಯದೆ ಯಾರಾದರೂ ಹಳೆಯ ವಿಳಾಸಕ್ಕೆ ಏನಾದರೂ ಕಳಿಸಿದರೆ ತೆಗೆಯಲು ಬೇಕಾದೀತು.