ಸಹಾಯ ಬೇಕು: ಆರ್‌ವಿ ಡಿಶ್‌ನಲ್ಲಿ ನೆಟ್‌ವರ್ಕ್ ಚಾನೆಲ್ ಬರ್ತಿಲ್ಲ

ನಮಸ್ಕಾರ ಎಲ್ರಿಗೂ, ಅಮೆರಿಕದಲ್ಲಿ ಆರ್‌ವಿನಲ್ಲೇ (ಮನೆ ಥರ ವಾಸ ಮಾಡೋ ಗಾಡಿ) ಇರೋ ಕನ್ನಡದವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ನಾನೂ ನಮ್ಮನೆಯವ್ರೂ ಈಗ ಪೂರ್ತಿ ಗಾಡೀಲೇ ಇರೋದು, ಅಡ್ರೆಸ್ ಸೌತ್ ಡಕೋಟಾದ ಸೂ ಫಾಲ್ಸ್‌ದು, ಚಳಿಗೆ ಅಂತ ಅರಿಜೋನಾಗೆ ಬಂದಿದೀವಿ. ಡಿಶ್ ಸಿಗ್ನಲ್ ಚೆನ್ನಾಗೇ ಹಿಡಿಯುತ್ತೆ, ಸಿನಿಮಾ, ಅಡುಗೆ ಚಾನೆಲ್ ಎಲ್ಲಾ ಬರುತ್ತೆ, ಆದ್ರೆ ಆಯಾ ಊರಿನ ಲೋಕಲ್ ಚಾನೆಲ್ ಮೂಲಕ ಬರೋ ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ನೆಟ್‌ವರ್ಕ್ ಯಾವ್ದು ಹಾಕಿದ್ರೂ ಬರೀ ಕಪ್ಪು ಸ್ಕ್ರೀನು. ಲೋಕಲ್ ಚಾನೆಲ್ ಸ್ಪಾಟ್ ಬೀಮ್‌ನಲ್ಲಿ (ಸ್ಯಾಟಲೈಟಿಂದ ಸಣ್ಣ ಜಾಗಕ್ಕೆ ಮಾತ್ರ ಬೀಳೋ ಸಿಗ್ನಲ್) ಆಯಾ ಏರಿಯಾಕ್ಕೆ ಮಾತ್ರ ಬಿಡ್ತಾರೆ, ಅದರಾಚೆ ಹೋದ್ರೆ ಡಿಶ್ ಎಷ್ಟು ತಿರುಗಿಸಿದ್ರೂ ಸಿಗಲ್ಲ ಅನ್ನೋದು ಗೊತ್ತು.

ನಾನು ಕೇಳ್ತಿರೋದು ಡಿಸ್ಟೆಂಟ್ ನೆಟ್‌ವರ್ಕ್, ಅಂದ್ರೆ ಬೇರೆ ಊರಿನ ಸ್ಟೇಷನ್‌ನಿಂದ ಇದೇ ನೆಟ್‌ವರ್ಕ್ ಕೊಡೋದರ ಬಗ್ಗೆ. 2019ರ ಕಾನೂನಲ್ಲಿ ಆರ್‌ವಿ, ಟ್ರಕ್‌ನವ್ರಿಗೆ ಬೇರೆ ಊರಿನ ನೆಟ್‌ವರ್ಕ್ ಚಾನೆಲ್ ಕೊಡೋ ಅವಕಾಶ ಉಳಿಸಿದಾರೆ, ಆದ್ರೆ ದೇಶದ 210 ಟಿವಿ ಮಾರ್ಕೆಟ್‌ಗೂ (ಲೋಕಲ್ ಚಾನೆಲ್ ಏರಿಯಾಗಳು) ಲೋಕಲ್ ಚಾನೆಲ್ ಕೊಡೋ ಸ್ಯಾಟಲೈಟ್ ಕಂಪನಿಗೆ ಮಾತ್ರ. ಗಾಡಿ ರಿಜಿಸ್ಟ್ರೇಷನ್ ಕಾಪಿ, ಸೈನ್ ಹಾಕಿದ ಡಿಕ್ಲರೇಷನ್ ಎರಡೂ ರೆಡಿ ಇಟ್ಕೊಂಡಿದೀನಿ, ಕಂಪನಿಗೆ ಫೋನ್ ಮಾಡಿದ್ರೆ ಒಬ್ರು ಕಳಿಸಿ ಅಂತಾರೆ, ಇನ್ನೊಬ್ರು ಆ ಪ್ಲಾನೇ ಇಲ್ಲ, ಸರ್ವಿಸ್ ಅಡ್ರೆಸ್ ಚೇಂಜ್ ಮಾಡ್ಸಿ ಅಂತಾರೆ.

ಇತ್ತೀಚೆಗೆ ಯಾರಿಗಾದ್ರೂ ಸಿಕ್ಕಿದ್ಯಾ? ಯಾವ ಡಿಪಾರ್ಟ್‌ಮೆಂಟ್‌ಗೆ ಮಾತಾಡ್ಬೇಕು? ಊರು ಬದಲಾದಾಗೆಲ್ಲ ಅಡ್ರೆಸ್ ಚೇಂಜ್ ಮಾಡ್ಸಿದ್ರೆ ರೆಕಾರ್ಡ್ ಮಾಡಿರೋದು ಉಳಿಯುತ್ತಾ? ಆಂಟೆನಾನೂ ಹಾಕಿದೀವಿ, ಗುಡ್ಡ ಅಡ್ಡ ಇದೆ, ಒಂದೂ ಬರಲ್ಲ, ಮೊಬೈಲ್ ಡೇಟಾನೂ ವೀಕು. ಬಿರುಗಾಳಿ ಬಂದ್ರೆ ಲೋಕಲ್ ನ್ಯೂಸೇ ನಮಗೆ ಆಧಾರ, ಅದಕ್ಕೇ ಇಷ್ಟು ಕೇಳ್ತಿರೋದು. ಗೊತ್ತಿರೋರು ಪ್ಲೀಸ್ ತಿಳಿಸಿ.