7×3 ಮೀಟರ್ ಸ್ಲ್ಯಾಬಿಗೆ ಕಬ್ಬಿಣ ಎಷ್ಟು? ಶೇ 1ರ ಲೆಕ್ಕ ಸರಿಯೇ?

ಪ್ರಶ್ನೆ: ನಮಸ್ಕಾರ ಸರ್. 7 ಮೀಟರ್ ಉದ್ದ, 3 ಮೀಟರ್ ಅಗಲ, 125 ಎಂಎಂ ದಪ್ಪದ ಸ್ಲ್ಯಾಬ್ ಹಾಕಿಸಬೇಕು. ಡ್ರಾಯಿಂಗ್ ಪ್ರಕಾರ ಅಗಲಕ್ಕೆ 10 ಎಂಎಂ ಮೇನ್ ರಾಡ್ 150 ಎಂಎಂ ಅಂತರದಲ್ಲಿ, ಉದ್ದಕ್ಕೆ 8 ಎಂಎಂ ರಾಡ್ 200 ಎಂಎಂ ಅಂತರದಲ್ಲಿ. ಮೇನ್ ರಾಡಿಗೆ ಒಂದು ತುದಿಯಲ್ಲಿ ಕ್ರ್ಯಾಂಕ್ (ರಾಡನ್ನು ಓರೆಯಾಗಿ ಮೇಲಕ್ಕೆ ಬಾಗಿಸುವುದು) ಇದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಕಾಂಕ್ರೀಟಿನ ಶೇ 1ರಷ್ಟು ಕಬ್ಬಿಣ ಅಂತ ಹಿಡಿದು ಮೇಸ್ತ್ರಿ 206 ಕೆಜಿ ತರಿಸಿ ಅಂದಿದ್ದಾರೆ. ತರಿಸಲೇ?

ಉತ್ತರ: ಈಗಲೇ ತರಿಸಬೇಡಿ. ಮೇಸ್ತ್ರಿಯವರ ಗುಣಾಕಾರ ತಪ್ಪಿಲ್ಲ: 2.625 ಘನ ಮೀಟರಿನ ಶೇ 1ನ್ನು ಉಕ್ಕಿನ ಸಾಂದ್ರತೆ 7850ರಿಂದ (ಘನ ಮೀಟರಿಗೆ ಕೆಜಿ) ಗುಣಿಸಿದರೆ 206 ಬರುತ್ತದೆ. ಆದರೆ ಶೇಕಡಾ ಲೆಕ್ಕ ಇರುವುದು ಡ್ರಾಯಿಂಗ್ ಇನ್ನೂ ಕೈಗೆ ಬಾರದಿದ್ದಾಗ ಖರ್ಚು ಅಂದಾಜಿಸಲು. ನಿಮ್ಮ ಹತ್ತಿರ ಡ್ರಾಯಿಂಗ್ ಇದೆಯಲ್ಲ, ರಾಡ್ ಎಣಿಸಿಬಿಡಿ.

ಸುತ್ತ 20 ಎಂಎಂ ಕವರ್ (ರಾಡನ್ನು ಮುಚ್ಚುವ ಕಾಂಕ್ರೀಟಿನ ಪದರ) ಬಿಟ್ಟರೆ ಉಳಿಯುವುದು 6.96 × 2.96 ಮೀಟರ್. 6960ನ್ನು 150ರಿಂದ ಭಾಗಿಸಿದರೆ 46.4. ಅದನ್ನು 47 ಸಂದು ಅಂತ ಮೇಲಕ್ಕೆ ಹಿಡಿಯಿರಿ, ರಾಡು ಸಂದಿಗಿಂತ ಒಂದು ಹೆಚ್ಚು, ಅಂದರೆ 48. ಈ ಒಂದನ್ನು ಕೂಡಿಸಲು ಬಹಳ ಮಂದಿ ಮರೆಯುತ್ತಾರೆ. ಅದೇ ರೀತಿ 8 ಎಂಎಂ ರಾಡು 16.

ತೂಕಕ್ಕೆ ಎಂಎಂನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ. 10 ಎಂಎಂ ಮೀಟರಿಗೆ 0.617 ಕೆಜಿ, 8 ಎಂಎಂ 0.395 ಕೆಜಿ. ತಳದ ಜಾಲರಿಗೆ 88 ಮತ್ತು 44, ಒಟ್ಟು 132 ಕೆಜಿ.

ಕ್ರ್ಯಾಂಕಿನಿಂದ ಉದ್ದ ಎಷ್ಟು ಹೆಚ್ಚುತ್ತದೆ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಇಲ್ಲಿ ಅದು ರಾಡಿಗೆ ಸುಮಾರು 32 ಎಂಎಂ, 48 ರಾಡಿಗೂ ಸೇರಿ ಒಂದು ಕೆಜಿ ಅಷ್ಟೆ. ನಿಜವಾಗಿ ತಪ್ಪಿಹೋಗುವುದು ಮೇಲೆದ್ದ ಆ ರಾಡುಗಳನ್ನು ಕಟ್ಟಿ ಹಿಡಿಯುವ ಅಡ್ಡ ರಾಡುಗಳು. ಅವೂ 8 ಎಂಎಂನವೇ, ಬದಿಗೆ 4ರಂತೆ ಒಟ್ಟು 8 ರಾಡು, 22 ಕೆಜಿ. ಹೀಗೆ ಸ್ಲ್ಯಾಬಿನೊಳಗೆ ಕೂರುವ ಕಬ್ಬಿಣ 155 ಕೆಜಿ.

ಪ್ರಶ್ನೆ: ಹಾಗಾದರೆ ವೇಸ್ಟೇಜ್ ಶೇ 5 ಸೇರಿಸಿ 163 ಕೆಜಿ ಆರ್ಡರ್ ಮಾಡಲೇ?

ಉತ್ತರ: ಶೇ 5 ಅನ್ನುವುದೂ ಊಹೆಯೇ. ರಾಡು ಬರುವುದು 12 ಮೀಟರ್ ಉದ್ದದಲ್ಲಿ, ಹಾಗಾಗಿ ಕಟಿಂಗ್ ಲೆಕ್ಕವನ್ನೂ ಈಗಲೇ ಮಾಡಿ. 10 ಎಂಎಂ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ: ಕ್ರ್ಯಾಂಕ್ ಸೇರಿ 2.99 ಮೀಟರಿನ ನಾಲ್ಕು ತುಂಡು ಒಂದೇ ರಾಡಿನಲ್ಲಿ ಬರುತ್ತವೆ, 12 ರಾಡು ಸಾಕು.

ಎಚ್ಚರ ಬೇಕಾದದ್ದು 8 ಎಂಎಂಗೆ. 6.96 ಕತ್ತರಿಸಿದರೆ 5.04 ಮೀಟರ್ ಉಳಿಯುತ್ತದೆ. ಅದನ್ನು ಮೂಲೆಗೆ ಎಸೆದರೆ ತಳದ 16, ಮೇಲಿನ 8 ಸೇರಿ 24 ರಾಡು ಬೇಕು. ಲ್ಯಾಪ್ (ಎರಡು ತುಂಡು ಜೋಡಿಸುವಾಗ ಒಂದರ ಮೇಲೊಂದು ಬರುವ ಉದ್ದ) 50 ಪಟ್ಟು ವ್ಯಾಸ, ಅಂದರೆ 400 ಎಂಎಂ ಅಂದುಕೊಳ್ಳಿ (ನಿಮ್ಮ ಡ್ರಾಯಿಂಗಿನಲ್ಲಿ ಎಷ್ಟಿದೆಯೋ ಅದೇ ಅಂತಿಮ). ಆಗ 5.04ರ ತುಂಡಿಗೆ 2.32 ಮೀಟರ್ ಜೋಡಿಸಿದರೆ ಮತ್ತೊಂದು 6.96 ಸಿದ್ಧ. ಮೂರು ರಾಡು ಕತ್ತರಿಸಿ, ಉಳಿದ ಮೂರು ತುಂಡಿನಲ್ಲಿ ಒಂದನ್ನು ಎರಡು 2.32 ಮಾಡಿ. ಮೂರು ರಾಡಿಗೆ ಐದು ಉದ್ದ ಸಿಗುತ್ತವೆ, 24ಕ್ಕೆ 15 ರಾಡು ಸಾಕು. ಲ್ಯಾಪ್‌ಗಳೆಲ್ಲ ಒಂದೇ ಸಾಲಿಗೆ ಬರದಂತೆ ತುದಿ ಬದಲಿಸಿ ಕಟ್ಟಿಸಿ.

10 ಎಂಎಂ 12 ರಾಡು, 8 ಎಂಎಂ 15 ರಾಡು, ಸುಮಾರು 160 ಕೆಜಿ. ಆರ್ಡರನ್ನು ರಾಡಿನ ಸಂಖ್ಯೆಯಲ್ಲೇ ಬರೆದುಕೊಡಿ, ಇಳಿಸುವಾಗ ಎಣಿಸಿ, ತೂಕವನ್ನೂ ನೋಡಿ. ಬೈಂಡಿಂಗ್ ವೈರ್ 2 ಕೆಜಿ ಬೇರೆ.

ಇನ್ನೊಬ್ಬರ ಪ್ರಶ್ನೆ: ಸರ್, 230×450 ಎಂಎಂ ಬೀಮಿಗೆ 8 ಎಂಎಂ ರಿಂಗ್ (ಉದ್ದದ ರಾಡುಗಳನ್ನು ಸುತ್ತುವರಿಯುವ ಚೌಕಟ್ಟು) ಎಷ್ಟು ಉದ್ದ ಕತ್ತರಿಸಬೇಕು?

ಉತ್ತರ: ಕವರ್ 25 ಆದರೆ ರಿಂಗಿನ ಹೊರ ಅಳತೆ 180×400, ಸುತ್ತಳತೆ 1160. ಎರಡು ಹುಕ್ಕಿಗೆ 160 ಸೇರಿಸಿ, ಬಾಗುಗಳಿಗೆ 96 ಕಳೆಯಿರಿ. 1224 ಎಂಎಂ. ಮೊದಲು ಒಂದೇ ರಿಂಗ್ ಬಾಗಿಸಿ ಅಳೆದು ನೋಡಿ, ಆಮೇಲೆ ಉಳಿದವನ್ನು ಕತ್ತರಿಸಿ.