ಪಿಂಚಣಿಯೇ ಇಲ್ಲದ ನಾನು ಪಿಂಚಣಿ ಮುಷ್ಕರಕ್ಕೆ ಹೋಗಬೇಕಾ?

ಹಡಪಸರ್ ಲ್ಯಾಬ್ · 12 ಮಾರ್ಚ್ 2023, ರಾತ್ರಿ

ನಮಸ್ಕಾರ. ನಾನು ಪುಣೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಊರು ಇಂಡಿ ತಾಲೂಕು, ಇರೋದು ಹಡಪಸರದಲ್ಲಿ. ಕೆಲಸಕ್ಕೆ ಸೇರಿ ಆರು ವರ್ಷ ಆಯ್ತು, ಇನ್ನೂ ಗುತ್ತಿಗೆ ಮೇಲೇ ಇದ್ದೇನೆ. ಇಲ್ಲಿನವರು ನಮಗೆ 'ಕಂತ್ರಾಟಿ' ಅನ್ನುತ್ತಾರೆ. ಹನ್ನೊಂದು ತಿಂಗಳಿಗೊಮ್ಮೆ ಹೊಸ ಆರ್ಡರ್. ಗುತ್ತಿಗೆದಾರರೂ ಬದಲಾಗುತ್ತಾ ಬಂದಿದ್ದಾರೆ, ಈಗಿನವರು ಮೂರನೆಯವರು.

ನಾಡಿದ್ದು ಮಂಗಳವಾರದಿಂದ ರಾಜ್ಯ ಸರ್ಕಾರಿ ನೌಕರರ ಅನಿರ್ದಿಷ್ಟ ಮುಷ್ಕರ. 'ಏಕಚ್ ಮಿಶನ್, ಜುನೀ ಪೆನ್ಶನ್' (ಒಂದೇ ಗುರಿ, ಹಳೆ ಪಿಂಚಣಿ) ಅನ್ನೋ ಘೋಷಣೆ ನಮ್ಮ ಕ್ಯಾಂಟೀನ್ ಗೋಡೆಯ ಮೇಲೂ ಬಂದಿದೆ. ಹೋಗಬೇಕಾ ಬೇಡವಾ ಅಂತ ಮೂರು ದಿನದಿಂದ ನಿದ್ದೆ ಇಲ್ಲ.

ನಮ್ಮ ಲ್ಯಾಬಿನ ಬಾಗಿಲ ಹತ್ತಿರ ಎರಡು ಮಸ್ಟರ್, ಅಂದರೆ ಹಾಜರಿ ಪುಸ್ತಕ ಇವೆ. ಕಾಯಂನವರದು ಗಟ್ಟಿ ರಟ್ಟಿನ ದೊಡ್ಡ ಪುಸ್ತಕ, ಪುಟಪುಟಕ್ಕೂ ಆಫೀಸಿನ ಮೊಹರು. ನಮ್ಮದು ಇನ್ನೂರು ಪುಟದ ಶಾಲೆ ನೋಟ್‌ಬುಕ್. ಸ್ಕೇಲ್ ಇಟ್ಟು ಗೆರೆ ಎಳೆದಿದ್ದು ನಾನೇ. ತಿಂಗಳ ಕೊನೆಗೆ ಗುತ್ತಿಗೆದಾರರ ಸೂಪರ್‌ವೈಸರ್ ಬಂದು ಅದರ ಫೋಟೋ ಹೊಡೆದುಕೊಂಡು ಹೋಗುತ್ತಾನೆ. ಬೆಳಿಗ್ಗೆ ಎಂಟಕ್ಕೆ ಸಾಲು ಶುರುವಾದರೆ ಮಾತ್ರ ಯಾವ ಮಸ್ಟರಿನವರು ಅಂತ ಯಾರೂ ಕೇಳೋದಿಲ್ಲ. ನೇರಳೆ ಮುಚ್ಚಳದ ಟ್ಯೂಬು, ಕೆಂಪು ಮುಚ್ಚಳದ ಟ್ಯೂಬು, ಹೆಸರು, ನಂಬರ್, ಮುಂದಿನವರು ಬನ್ನಿ.

ಪಕ್ಕದ ಟೇಬಲಿನವರನ್ನು ನಾನು ತಾಈ ಅಂತೇನೆ, ಮರಾಠಿಯಲ್ಲಿ ಅಕ್ಕ. ಅವರು ಕಾಯಂ. ಸೇರಿದ ಹೊಸದರಲ್ಲಿ ನನ್ನ ಕೈ ನಡುಗುತ್ತಿತ್ತು. ವಯಸ್ಸಾದವರ ಕೈಯಲ್ಲಿ ನರ ಸಿಗದೆ ಎರಡು ಸಲ ಚುಚ್ಚಿ ಅತ್ತಿದ್ದೇನೆ. "ಪಟ್ಟಿ ಕಟ್ಟಿದ ಕೂಡಲೇ ಚುಚ್ಚಬೇಡ. ಕಣ್ಣಲ್ಲಿ ಹುಡುಕಬೇಡ, ಬೆರಳಲ್ಲಿ ಹುಡುಕು. ಒತ್ತಿದರೆ ಪುಟಿಯುತ್ತಲ್ಲ, ಅದೇ" ಅಂತ ನನ್ನ ಬೆರಳು ಹಿಡಿದು ಕಲಿಸಿದ್ದು ಅವರೇ. ಕೋವಿಡ್ ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ ಕಿಟ್ ಹಾಕಿಕೊಂಡು ಸ್ವಾಬ್ ತೆಗೆದಿದ್ದೇವೆ.

ತಾಈ ಸೇರಿದ್ದು 2009ರಲ್ಲಿ. ಇಲ್ಲಿ 2005ರ ನವೆಂಬರ್ 1ರಿಂದ ಸೇರಿದವರಿಗೆ ಹಳೆ ಪಿಂಚಣಿ ಇಲ್ಲ, ಎನ್‌ಪಿಎಸ್ ಅನ್ನೋ ಹೊಸ ಪಿಂಚಣಿ ಯೋಜನೆ. ನಮ್ಮ ಇನ್‌ಚಾರ್ಜ್ 1999ರವರು, ಅವರಿಗೆ ಹಳೇದೇ ಸಿಗುತ್ತದೆ. ಆದರೂ ಅವರು ಮುಷ್ಕರಕ್ಕೆ ಹೋಗುತ್ತಿದ್ದಾರೆ. ಅದು ನೋಡಿ ನನಗೆ ಅವರ ಮೇಲೆ ಗೌರವ ಜಾಸ್ತಿ ಆಯ್ತು.

ಇನ್ನು ನಾನು. ಕೈಗೆ ಬರೋದು ಹದಿನಾಲ್ಕು ಸಾವಿರದ ಚಿಲ್ಲರೆ. ಗಂಡ ಬೇಕರಿಯಲ್ಲಿ ಕೆಲಸ, ಮಗ ಮೂರನೇ ಕ್ಲಾಸು, ಬಚತ್ ಗಟದ (ಸ್ವಸಹಾಯ ಸಂಘದ) ಸಾಲದ ಕಂತು ಪ್ರತಿ ತಿಂಗಳು ಹತ್ತಕ್ಕೆ. ನಿನ್ನೆ ಸೂಪರ್‌ವೈಸರ್ ಬಂದು ಬಾಯಿಮಾತಲ್ಲಿ ಹೇಳಿದ: "ಮಂಗಳವಾರದಿಂದ ಡಬಲ್ ಡ್ಯೂಟಿ. ಬಾರದವರ ಜಾಗಕ್ಕೆ ಬೇರೆಯವರು ರೆಡಿ ಇದ್ದಾರೆ." ಸಂಜೆ ತಾಈ ಕರಪತ್ರ ಕೊಟ್ಟರು. ಗುತ್ತಿಗೆ ನೌಕರರನ್ನು ಕಾಯಂ ಮಾಡಿ ಅನ್ನೋದೂ ಅದರಲ್ಲಿದೆ, ಕೆಳಗೆ ಸಣ್ಣ ಅಕ್ಷರದಲ್ಲಿ. ಹಳೆ ಪಿಂಚಣಿ ಮೇಲೆ, ದಪ್ಪ ಅಕ್ಷರದಲ್ಲಿ.

ನನ್ನ ಮನಸ್ಸಿನಲ್ಲಿರೋದು ಹೇಳಿಬಿಡುತ್ತೇನೆ. ಹೋದ ದೀಪಾವಳಿಗೆ ನಮಗೆ ಎರಡು ತಿಂಗಳ ಸಂಬಳ ಬಂದಿರಲಿಲ್ಲ. ಆಗ ಯಾವ ಸಂಘಟನೆಯೂ ಗೇಟಿನಲ್ಲಿ ಕೂರಲಿಲ್ಲ. ತಾಈ ಒಬ್ಬರೇ ಐದು ಸಾವಿರ ತಂದು ಕೈಗಿಟ್ಟರು. ಈಗ ನಾನು ಒಳಗೆ ಕೂತು ಅವರ ಟೇಬಲಿನ ಕೆಲಸವನ್ನೂ ಮಾಡಿದರೆ ಅವರ ಮುಷ್ಕರ ಮುರಿದದ್ದು ನಾನೇ ಅಲ್ವಾ? ಹೊರಗೆ ಹೋದರೆ ಹೆರಿಗೆ ವಾರ್ಡಿಗೆ ರಕ್ತದ ಕ್ರಾಸ್‌ಮ್ಯಾಚ್ (ಕೊಡೋ ರಕ್ತ ರೋಗಿಗೆ ಹೊಂದುತ್ತದಾ ಅಂತ ನೋಡೋದು) ಮಾಡೋರು ಯಾರು? ಇಂಥದ್ದನ್ನು ಕಂಡವರು ಹೇಳಿ.

ಠಾಣೆ ಕಂಡಕ್ಟರ್ ಮಗ · 12 ಮಾರ್ಚ್

ಹೋಗಬೇಡಿ ಅಕ್ಕ. ಎಸ್‌ಟಿ, ಅಂದರೆ ಇಲ್ಲಿನ ಸರ್ಕಾರಿ ಬಸ್ಸಿನವರ ಮುಷ್ಕರ ಮರೆತರಾ? 2021ರ ಅಕ್ಟೋಬರ್ ಕೊನೆಗೆ ಶುರುವಾದದ್ದು ಮುಂದಿನ ಏಪ್ರಿಲ್ ತನಕ ಎಳೆಯಿತು. ಕಾಯಂನವರಿಗೆ ಮೊದಲು ಬಂದದ್ದು ಅಮಾನತು. ರೋಜಂದಾರಿಯವರಿಗೆ (ದಿನಗೂಲಿಯವರಿಗೆ) ಮಾತ್ರ ನೇರವಾಗಿ ಸೇವೆ ಮುಗಿಸುವ ನೋಟಿಸ್. ಕೊನೆಗೆ ಹೈಕೋರ್ಟ್ ಹೇಳಿದ ಮೇಲೆ ಏಪ್ರಿಲ್ 22ರೊಳಗೆ ಬಂದವರನ್ನು ಸೇರಿಸಿಕೊಂಡರು, ನಿಜ. ಆದರೆ ಅಲ್ಲಿ ತನಕ ಮನೆ ನಡೆಯೋದು ಹೇಗೆ? ಮೊದಲು ಏಟು ಬೀಳೋದು ಕೊನೆಯ ಸಾಲಿನಲ್ಲಿ ನಿಂತವರಿಗೇ. ತಾಈ ದೊಡ್ಡ ಮನಸ್ಸಿನವರು, ನಿಮ್ಮ ಕಷ್ಟ ಅವರಿಗೆ ಅರ್ಥ ಆಗುತ್ತದೆ.

ಡೊಂಬಿವಲಿ ಮಾಸ್ತರ್ · 13 ಮಾರ್ಚ್, ಬೆಳಿಗ್ಗೆ

ತಂಗಿ, ನನ್ನ ಅಪ್ಪ ಮುಂಬೈ ಬಟ್ಟೆ ಗಿರಣಿಯಲ್ಲಿ ಬದಲಿ ಕೆಲಸಗಾರ. ಬದಲಿ ಅಂದರೆ ಏನು ಅಂತ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಪಾಳಿ ಶುರುವಾಗುವ ಮೊದಲೇ ಡಬ್ಬಿ ಕಟ್ಟಿಕೊಂಡು ಗೇಟಿನಲ್ಲಿ ನಿಲ್ಲಬೇಕು. ಯಾರಾದರೂ ಕಾಯಂನವರು ಬಾರದಿದ್ದರೆ ಒಳಗೆ ಕರೆಯುತ್ತಾರೆ. ಎಲ್ಲರೂ ಬಂದರೆ ಅದೇ ಡಬ್ಬಿ ಹಿಡಿದು ವಾಪಸ್. ಅಪ್ಪ ವಾಪಸ್ ಬಂದ ದಿನ ಅವ್ವ ಏನೂ ಕೇಳುತ್ತಿರಲಿಲ್ಲ, ಡಬ್ಬಿಯ ಭಾರ ನೋಡಿದರೆ ಸಾಕು.

1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾಯಿತು. ಎರಡೂವರೆ ಲಕ್ಷದಷ್ಟು ಜನ. ಬದಲಿಯವರನ್ನು ಕಾಯಂ ಮಾಡಿ ಅನ್ನೋದೂ ಬೇಡಿಕೆಯಲ್ಲಿತ್ತು. ಅಪ್ಪ ಹೋದರು. ಏನೂ ಸಿಗಲಿಲ್ಲ, ಗಿರಣಿಗಳೇ ಉಳಿಯಲಿಲ್ಲ. ಆದರೂ ಸಾಯೋ ತನಕ ಅಪ್ಪ ಒಂದು ದಿನವೂ "ಹೋಗಬಾರದಿತ್ತು" ಅಂದಿಲ್ಲ. "ಗೇಟಿನ ಹೊರಗೆ ನಿಂತು ಬೇರೆಯವರ ಗೈರಿಗೆ ಕಾಯೋ ಬಾಳು ಅದು. ಅವತ್ತು ಮಾತ್ರ ಎಲ್ಲರೂ ಹೊರಗೇ ನಿಂತೆವು" ಅನ್ನುತ್ತಿದ್ದರು.

ಹೋಗು ಅಂತ ನಾನು ಹೇಳುತ್ತಿಲ್ಲ. ಅಪ್ಪನ ಸಂಸಾರಕ್ಕೆ ಹಳ್ಳಿಯಲ್ಲಿ ಎರಡು ಎಕರೆ ಇತ್ತು, ನಿನಗೆ ಅದು ಇಲ್ಲದಿರಬಹುದು. ಒಂಟಿಯಾಗಿ ಮಾತ್ರ ಯಾವ ಕಡೆಗೂ ಹೋಗಬೇಡ. ಗುತ್ತಿಗೆಯವರು ಎಷ್ಟು ಜನ ಇದ್ದೀರಿ, ಎಲ್ಲರೂ ಕೂತು ಮಾತಾಡಿ. ಕಾಯಂನವರು ನಿಮ್ಮನ್ನು ಕರೆದರೆ, ನಮ್ಮ ಬೇಡಿಕೆಯನ್ನು ಮೈಕಿನಲ್ಲಿ ಓದುತ್ತೀರಾ, ನಮಗೆ ಸದಸ್ಯತ್ವ ಕೊಡುತ್ತೀರಾ ಅಂತ ಕೇಳಿ. ಕೇಳೋದಕ್ಕೆ ನಾಚಿಕೆ ಬೇಡ.

ಪಿಂಪ್ರಿ ಪಿಎಫ್ · 13 ಮಾರ್ಚ್

ನನ್ನದು ಪಿಎಫ್, ಇಎಸ್‌ಐ ಕಾಗದದ ಕೆಲಸ. ಲೆಕ್ಕ ಹೇಳುತ್ತೇನೆ.

ಹಳೆ ಪಿಂಚಣಿ ಅಂದರೆ ಕೊನೆಯ ಮೂಲ ವೇತನದ ಅರ್ಧ, ಮೇಲೆ ತುಟ್ಟಿಭತ್ಯೆ. ನಿಮ್ಮ ತಾಈಗೆ ಎನ್‌ಪಿಎಸ್: ಅವರದು ನೂರಕ್ಕೆ 10, ಸರ್ಕಾರದ್ದು 14, ಅದು ಮಾರುಕಟ್ಟೆಗೆ ಹೋಗುತ್ತದೆ. ಕೊನೆಗೆ ತಿಂಗಳಿಗೆ ಎಷ್ಟು ಬರುತ್ತದೆ ಅಂತ ಇವತ್ತು ಯಾರೂ ಬರೆದುಕೊಡೋದಿಲ್ಲ. ಅವರ ಭಯ ಅದೇ, ಆ ಭಯ ಸರಿಯಾದದ್ದೇ.

ಆದರೆ ಅಕ್ಕ, ನಿಮಗೂ ಪಿಂಚಣಿ ಇದೆ. ಇಪಿಎಸ್, ಪಿಎಫ್ ಜೊತೆಗೇ ಬರೋ ಪಿಂಚಣಿ. ಹತ್ತು ವರ್ಷ ಸೇವೆ ತುಂಬಬೇಕು, 58ಕ್ಕೆ ಶುರು. ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸೋದು. ಪಿಎಫ್ ಲೆಕ್ಕದ ಸಂಬಳ 12,000 ಅಂದುಕೊಳ್ಳಿ, ಹತ್ತು ವರ್ಷಕ್ಕೆ ತಿಂಗಳಿಗೆ 1,714 ರೂಪಾಯಿ. ಕನಿಷ್ಠ ಅಂತ ಇರೋದು 1,000, ಅದು 2014ರಿಂದ ಹಾಗೇ ನಿಂತಿದೆ. ಇಷ್ಟರಲ್ಲಿ ಮುದುಕಿಯೊಬ್ಬಳ ಔಷಧಿ ಖರ್ಚೂ ಹುಟ್ಟೋದಿಲ್ಲ. ಕೂಗಬೇಕಾದದ್ದು ಇದಕ್ಕೆ, ಇದನ್ನು ಯಾರೂ ಬ್ಯಾನರಿನಲ್ಲಿ ಬರೆಯುತ್ತಿಲ್ಲ.

ಮೂರು ಗುತ್ತಿಗೆದಾರರು ಅಂದಿರಿ. ಇವತ್ತೇ ಯುಎಎನ್ (ನಿಮ್ಮ ಪಿಎಫ್ ಖಾತೆಗಳ ನಂಬರ್) ತೆಗೆದು ನೋಡಿ. ಪ್ರತಿಯೊಬ್ಬರೂ ಹೊಸ ನಂಬರ್ ಮಾಡಿದ್ದರೆ ನಿಮ್ಮ ಆರು ವರ್ಷ ಮೂರು ತುಂಡಾಗಿ ಬಿದ್ದಿರುತ್ತದೆ. ಒಂದೇ ನಂಬರಿಗೆ ಸೇರಿಸದಿದ್ದರೆ ಹತ್ತು ವರ್ಷ ಎಂದೂ ತುಂಬೋದಿಲ್ಲ. ಮಧ್ಯೆ ಪಿಂಚಣಿ ಹಣ ಬಿಡಿಸಿಕೊಂಡರೆ ಆ ವರ್ಷಗಳೂ ಹೋದವು. ದಯವಿಟ್ಟು ಬಿಡಿಸಬೇಡಿ.

ಇನ್ನು ಮುಷ್ಕರ. ಹತ್ತು ಅಥವಾ ಹೆಚ್ಚು ಜನ ನೋಟಿಸ್ ಕೊಡದೆ ಒಟ್ಟಿಗೆ ಗೈರಾದರೆ, ಗೈರಾದ ದಿನದ ಸಂಬಳ ಅಲ್ಲದೆ ಎಂಟು ದಿನದವರೆಗಿನ ಸಂಬಳ ಹಿಡಿಯೋ ಅವಕಾಶ ಕಾಯ್ದೆಯಲ್ಲಿದೆ. ಕಾಯಂನವರ ಸಂಘಟನೆ ನೋಟಿಸ್ ಕೊಟ್ಟಿದೆ. ನಿಮ್ಮ ಪರವಾಗಿ ನಿಮ್ಮ ಗುತ್ತಿಗೆದಾರರಿಗೆ ಯಾರು ಕೊಟ್ಟಿದ್ದಾರೆ? ಇದು ನೋಡದೆ ಹೊರಗೆ ಕಾಲಿಡಬೇಡಿ.

ಕೋರ್ಟು ಕಾಯಂ ಮಾಡಿಬಿಡುತ್ತದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. 2006ರ ಸುಪ್ರೀಂ ಕೋರ್ಟಿನ ಉಮಾದೇವಿ ತೀರ್ಪು ನಮ್ಮ ಕರ್ನಾಟಕದ್ದೇ ಕೇಸು, ಅದು ದೊಡ್ಡ ಅಡ್ಡಗೋಡೆ: ನಿಯಮದ ನೇಮಕಾತಿ ಇಲ್ಲದೆ ಸೇರಿದವರಿಗೆ ಕಾಯಂ ಆಗುವ ಹಕ್ಕಿಲ್ಲ ಅಂತ. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಮುಂಬೈ ಪಾಲಿಕೆಯ 2,700 ಗುತ್ತಿಗೆ ಸಫಾಯಿ ಕೆಲಸಗಾರರು 2017ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಗೆದ್ದರು. ಅವರ ಹಿಂದೆ ಅವರದೇ ಸಂಘ ಇತ್ತು, ಒಬ್ಬೊಬ್ಬರ ಹಾಜರಿಯ ಕಾಗದ ಇತ್ತು. ನಿಮ್ಮ ಆ ನೋಟ್‌ಬುಕ್ ಇದೆಯಲ್ಲ, ಪ್ರತಿ ಪುಟದ ಫೋಟೋ ನೀವೂ ತೆಗೆದಿಟ್ಟುಕೊಳ್ಳಿ.

ಪಣಜಿ ನರ್ಸ್ · 13 ಮಾರ್ಚ್

ನಾನೂ ಗುತ್ತಿಗೆಯಲ್ಲಿ ನಾಲ್ಕು ವರ್ಷ ಮಾಡಿದವಳು. ತುರ್ತು ಕೆಲಸ ಬಿಡಬೇಡಿ. ಬಾಕಿದ್ದು ಬಿಡಿ. ಹೆರಿಗೆ, ಐಸಿಯು, ಅಪಘಾತದ ಸ್ಯಾಂಪಲ್ ಯಾವ ಹೊತ್ತಿಗಾದರೂ ಮಾಡುತ್ತೇವೆ, ಮುಷ್ಕರದಲ್ಲಿರೋರ ದಿನನಿತ್ಯದ ಪಟ್ಟಿ ಮಾಡೋದಿಲ್ಲ ಅಂತ ಬರೆದು ಕೊಡಿ. ಬಾಯಲ್ಲಿ ಹೇಳಬೇಡಿ, ಬರೆಯಿರಿ. ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಹಡಪಸರ್ ಲ್ಯಾಬ್ · 14 ಮಾರ್ಚ್, ರಾತ್ರಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಊಟದ ಹೊತ್ತಿಗೆ ನಾವು ಹನ್ನೊಂದು ಜನ ಎಕ್ಸ್‌ರೇ ಕೋಣೆಯ ಹಿಂದೆ ಕೂತು ಮಾತಾಡಿದೆವು. ಮಾಸ್ತರ್ ಕಾಕಾ ಬರೆದದ್ದನ್ನು ಮರಾಠಿಗೆ ಹೇಳುತ್ತಾ ಓದಿದೆ. ಡಬ್ಬಿಯ ಮಾತು ಬಂದಾಗ ಸಫಾಯಿಯ ಮಾವಶಿ ಕಣ್ಣು ಒರೆಸಿಕೊಂಡರು, ಅವರ ಅಪ್ಪನೂ ಗಿರಣಿಯವರಂತೆ.

ಪಣಜಿ ಅಕ್ಕ ಹೇಳಿದ ಹಾಗೇ ಕಾಗದ ಬರೆದೆವು. ನಮ್ಮ ಎಂಟು ಗಂಟೆ, ನಮ್ಮ ಟೇಬಲು. ತುರ್ತು ಯಾವಾಗ ಬಂದರೂ ಸರಿ. ಡಬಲ್ ಡ್ಯೂಟಿ ಇಲ್ಲ. ಸಹಿ ಮಾಡುವಾಗ ಇಬ್ಬರು ಹಿಂದೆ ಸರಿದರು. ಅವರ ಮೇಲೆ ಸಿಟ್ಟಿಲ್ಲ. ಒಬ್ಬಳಿಗೆ ಮುಂದಿನ ತಿಂಗಳು ಆರ್ಡರ್ ಮುಗಿಯುತ್ತದೆ. ಒಂಬತ್ತು ಸಹಿ, ಒಂದು ಸೀಲ್.

ಊಟದ ಅರ್ಧ ಗಂಟೆ ಗೇಟಿನಲ್ಲಿ ತಾಈ ಪಕ್ಕ ಕೂತಿದ್ದೆವು. ಸೂಪರ್‌ವೈಸರ್ ಫೋಟೋ ಹೊಡೆದ. ಇವತ್ತೇ ವಿಧಾನಮಂಡಲದಲ್ಲಿ ಮೆಸ್ಮಾ ಮಸೂದೆ (ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯೋದು) ಪಾಸಾಗಿದೆ, ಹೆದರಿಕೆ ಇದೆ. ಆದರೂ ಮೂರು ದಿನದ ಮೇಲೆ ಇವತ್ತು ಅನ್ನ ಸೇರಿತು.

ಹಡಪಸರ್ ಲ್ಯಾಬ್ · 21 ಮಾರ್ಚ್

ನಿನ್ನೆ ಮುಷ್ಕರ ವಾಪಸ್ ಆಯ್ತು, ನೀವೂ ಓದಿರುತ್ತೀರಿ. ಪಿಂಚಣಿ ಬಗ್ಗೆ ಮೂರು ಜನ ನಿವೃತ್ತ ಅಧಿಕಾರಿಗಳ ಸಮಿತಿ, ಮೂರು ತಿಂಗಳಲ್ಲಿ ವರದಿ.

ಗುರುವಾರ ಸಂಜೆಯದು ಹೇಳಲೇಬೇಕು. ನನ್ನ ಪಾಳಿ ಮುಗಿದಿತ್ತು. ಹೆರಿಗೆ ವಾರ್ಡಿನಿಂದ ಸ್ಯಾಂಪಲ್ ಬಂತು, ರಕ್ತಸ್ರಾವ ಜಾಸ್ತಿ, ಬೇಗ ರಕ್ತ ಬೇಕು. ಆ ಟೇಬಲು ತಾಈಯದು, ನನಗೆ ರಕ್ತದ ಗುಂಪು ನೋಡೋ ಆಂಟಿ ಡಿ ದ್ರಾವಣದ ಬಾಟಲಿಯೇ ಸಿಗುತ್ತಿಲ್ಲ. ಗೇಟಿನಲ್ಲಿದ್ದ ತಾಈಗೆ ಫೋನ್ ಮಾಡಿದೆ. ಹಿಂದೆ ಘೋಷಣೆ ಕೇಳಿಸುತ್ತಿತ್ತು. "ಫ್ರಿಜ್ಜಿನ ಬಾಗಿಲಲ್ಲಿ ಹುಡುಕಬೇಡ, ಕೆಳಗಿನ ಟ್ರೇ, ಎಡಗಡೆ. ತಾರೀಕು ನೋಡಿಕೋ. ಫೋನ್ ಇಡಬೇಡ" ಅಂದರು. ಕ್ರಾಸ್‌ಮ್ಯಾಚ್ ಮುಗಿಯೋ ತನಕ ಫೋನ್ ಕಿವಿಯಲ್ಲೇ ಇತ್ತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಮುಷ್ಕರ ಮಾಡೋರಿಗೆ ರೋಗಿಗಳ ಚಿಂತೆ ಇಲ್ಲ ಅಂತ ಟಿವಿಯಲ್ಲಿ ಹೇಳುವವರು ಆ ಫೋನ್ ಕೇಳಬೇಕಿತ್ತು.

ನಿನ್ನೆ ರಾತ್ರಿ ಸುದ್ದಿಯಲ್ಲಿ ಗುತ್ತಿಗೆಯವರ ಹೆಸರು ಬರುತ್ತದಾ ಅಂತ ಕಾದು ಕೂತಿದ್ದೆ. ನಾನು ಕೇಳಿದ್ದರಲ್ಲಿ ಬರಲಿಲ್ಲ. ನೋವಾಯ್ತು, ಸುಳ್ಳು ಹೇಳೋದಿಲ್ಲ. ಇವತ್ತು ತಾಈ ದೊಡ್ಡ ಮಸ್ಟರಿನಲ್ಲಿ ಸಹಿ ಮಾಡಿದ ಮೇಲೆ ನಮ್ಮ ನೋಟ್‌ಬುಕ್ ಎತ್ತಿಕೊಂಡು ಒಂದೊಂದೇ ಪುಟ ತಿರುವಿದರು. ಆರು ವರ್ಷದಲ್ಲಿ ಇದೇ ಮೊದಲ ಸಲ. "ಭಾನುವಾರ ನಮ್ಮ ಸಂಘಟನೆಯ ಸಭೆ ಇದೆ, ನೀನೂ ಬಾ. ಸದಸ್ಯತ್ವದ ವಿಷಯ ನಾನೇ ಎತ್ತುತ್ತೇನೆ, ಈ ನೋಟ್‌ಬುಕ್ಕೂ ತಗೊಂಡು ಬಾ" ಅಂದರು. ಒಂಬತ್ತೂ ಜನ ಹೋಗುತ್ತೇವೆ. ನಮ್ಮ ಆರ್ಡರ್ ಏನಾಗುತ್ತದೆ ಅನ್ನೋದು ಮಾತ್ರ ಏಪ್ರಿಲ್ ಕೊನೆಗೇ ಗೊತ್ತಾಗೋದು.

ಪಿಂಪ್ರಿಯವರೇ, ಯುಎಎನ್ ನೋಡಿದೆ. ನೀವು ಹೇಳಿದ ಹಾಗೇ ಮೂರು ತುಂಡು. ಎರಡು ಸೇರಿಸಲು ಅರ್ಜಿ ಹಾಕಿದ್ದೇನೆ. ಮೊದಲನೆಯ ಗುತ್ತಿಗೆದಾರರ ಹದಿನಾಲ್ಕು ತಿಂಗಳು ಮಾತ್ರ ಎಲ್ಲೂ ಕಾಣಿಸುತ್ತಿಲ್ಲ. ಆಗಿನ ಸಂಬಳದ ಚೀಟಿ ನಾಲ್ಕು ಇವೆ, ಪಿಎಫ್ ಹಿಡಿದದ್ದು ಅದರಲ್ಲಿದೆ. ಅವನ್ನು ತಗೊಂಡು ಎಲ್ಲಿಗೆ ಹೋಗಬೇಕು, ಹೇಳುತ್ತೀರಾ?